ಗಣಪತಿ ಭಾವನ ಎದೆ, ಊರಿನ ನೀರು

ಸಿರಸಿಯ ಹಳೆಯ ಬೀದಿಯೊಂದರಲ್ಲಿ ಗೆಳೆಯನ ಮನೆಯಿದೆ. ಕಳೆದ ತಿಂಗಳು ಒಂದು ಮದುವೆಗೆ ಹೋದಾಗ ಅಲ್ಲಿ ಉಳಿದಿದ್ದೆ. ಬೆಳಿಗ್ಗೆ ಹಲ್ಲುಜ್ಜಲು ನಲ್ಲಿ ತಿರುಗಿಸಿದರೆ ಮೊದಲು ಸುಯ್ಯೆಂದು ಗಾಳಿ ಬಂತು. ಆಮೇಲೆ ಉಗುಳಿದ ಹಾಗೆ ಒಂದಿಷ್ಟು ಕೆಂಪು ನೀರು, ಅದರ ಹಿಂದೆಯೇ ತುಕ್ಕು ಮತ್ತು ಬ್ಲೀಚಿಂಗ್ ಪುಡಿ ಬೆರೆತ ವಾಸನೆ. ಬ್ರಶ್ಶು ಕೈಯಲ್ಲಿ ಹಿಡಿದು ಹಾಗೆಯೇ ನಿಂತೆ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯ ತುಂಬ ಇದೇ ವಾಸನೆ ಇತ್ತು. ನಮ್ಮ ಗಣಪತಿ ಭಾವ ಊರಿಗೆ ನೀರು ಬಿಡುತ್ತಿದ್ದ ಬೇಸಿಗೆ ಅದು. ಅವನ ಹೃದಯ ಸೋತಿದ್ದೂ ಆಗಲೇ.

ಆಗ ನಾನು ಹುಬ್ಬಳ್ಳಿಯಿಂದ ಬರುತ್ತಿದ್ದ ದಿನಪತ್ರಿಕೆಯೊಂದಕ್ಕೆ ಸಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ವರದಿಗಾರ. ಸೈಕಲ್ ಅಂಗಡಿಯ ಮೇಲೆ ಒಂದು ಕೋಣೆ, ಅದರಲ್ಲೊಂದು ಫ್ಯಾಕ್ಸು, ಒಂದು ಫ್ಯಾನು. ಕಚೇರಿ ಎಂದರೆ ಅಷ್ಟೆ. ಆ ವರ್ಷ ಮಳೆ ಬೇಗ ಹಿಂದೆ ಸರಿದಿತ್ತು. ಶಿವರಾತ್ರಿ ಕಳೆಯುವಷ್ಟರಲ್ಲಿ ಹೊಳೆ ತೆಳ್ಳಗಾಯಿತು. ಯುಗಾದಿಯ ಹೊತ್ತಿಗೆ ಪಟ್ಟಣಕ್ಕೆ ನೀರೆತ್ತುವ ಎರಡು ಪಂಪುಗಳಲ್ಲಿ ಒಂದು ಕೆಟ್ಟು ನಿಂತಿತು. ಮಲೆನಾಡಿನಲ್ಲಿ ಕುಡಿಯುವ ನೀರಿಗೆ ತತ್ವಾರ ಎಂದು ಬರೆದು ಕಳಿಸಿದರೆ ಹುಬ್ಬಳ್ಳಿಯ ಸಂಪಾದಕರು ಫೋನಿನಲ್ಲಿ ನಕ್ಕರು. ಕೊಡಗಳ ಸಾಲಿನ ಫೋಟೊ ಕಳಿಸಿದ ಮೇಲೆ ಸುದ್ದಿ ಮುಖಪುಟಕ್ಕೆ ಬಂತು.

ಗಣಪತಿ ಭಾವ ನನ್ನ ಅಕ್ಕನ ಗಂಡ. ಮಾಗೋಡು ಕಡೆಯ ಮನೆತನ. ಅಣ್ಣ ಊರಲ್ಲಿ ಜಮೀನು ನೋಡಿಕೊಂಡ, ಇವನು ಸಿರಸಿಗೆ ಬಂದು ನೀರು ಸರಬರಾಜಿನ ಕೆಲಸಕ್ಕೆ ಸೇರಿದ. ಇಸಳೂರಿನಲ್ಲಿ ಚಿಕ್ಕ ಮನೆ ಕಟ್ಟಿಕೊಂಡು ದಿನಾ ಬೆಳಕು ಹರಿಯುವ ಮೊದಲು ಮೊಪೆಡ್ಡಿನಲ್ಲಿ ಪಟ್ಟಣಕ್ಕೆ ಬರುತ್ತಿದ್ದ. ಹೆಗಲ ಮೇಲೆ ಮಾರುದ್ದದ ಕಬ್ಬಿಣದ ಕೀಲಿ. ಬೀದಿ ಬೀದಿಗೆ ಹೋಗಿ, ನೆಲದೊಳಗಿನ ಗುಂಡಿಯ ಮುಚ್ಚಳ ಎತ್ತಿ, ಆ ಕೀಲಿ ಇಳಿಸಿ ವಾಲ್ವ್ ತಿರುಗಿಸುವುದು ಅವನ ಕೆಲಸ. ಊರಿಗೆಲ್ಲ ಅವನು 'ನೀರು ಬಿಡುವ ಭಟ್ರು'. ನಮ್ಮಲ್ಲಿ ಅಕ್ಕನ ಗಂಡನೂ ಭಾವ, ಹೆಂಡತಿಯ ತಮ್ಮನೂ ಭಾವ. ಹಾಗಾಗಿ ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದೆವು.

ಒಂದೇ ಪಂಪಿನಲ್ಲಿ ಊರು ನಡೆಸುವುದು ಹೇಗೆಂದು ಆ ಬೇಸಿಗೆ ಅವನ ಹಿಂದೆ ತಿರುಗಿ ನೋಡಿದ್ದೆ. ದೂರದ ಬೀದಿಗಳ ವಾಲ್ವ್ ಮುಚ್ಚಿ, ಆಸ್ಪತ್ರೆಯ ಕಡೆಯ ಮತ್ತು ಎತ್ತರದ ಬೀದಿಗಳ ಕೊಳವೆಯಲ್ಲಿ ಒತ್ತಡ ಉಳಿಸುತ್ತಿದ್ದ. ಮುಚ್ಚಿದ ಬೀದಿಯವರು ಬಾಗಿಲಲ್ಲೇ ನಿಂತು ಬೈಯುತ್ತಿದ್ದರು. ಭಟ್ರ ಮನೆಯಲ್ಲಿ ಬಾವಿ ಇದೆ, ಅವರಿಗೆ ನಮ್ಮ ಕಷ್ಟ ಹೇಗೆ ತಿಳಿಯಬೇಕು ಎಂದು ಒಬ್ಬಾಕೆ ನನ್ನೆದುರೇ ಚುಚ್ಚಿದ್ದಳು. ಭಾವ ಬೇಸರಿಸಲಿಲ್ಲ. ನಾಳೆ ನಿಮ್ಮ ಪಾಳಿ ಎಂದು ಮುಚ್ಚಳ ಹಾಕಿ ನಡೆದ.

ಅದೇ ದಿನಗಳಲ್ಲಿ ಪತ್ರಿಕೆಯಲ್ಲಿ ವಾರಕ್ಕೊಂದು ಆರೋಗ್ಯ ಅಂಕಣ ಶುರುವಾಯಿತು. ಡಾಕ್ಟರು ಹೇಳಬೇಕು, ನಾನು ಬರೆಯಬೇಕು. ಸಿರಸಿಗೆ ಹೊಸದಾಗಿ ಬಂದು ಚಿಕ್ಕ ನರ್ಸಿಂಗ್ ಹೋಮ್ ತೆರೆದಿದ್ದ ಹೃದಯದ ಡಾಕ್ಟರೊಬ್ಬರು ಒಪ್ಪಿಕೊಂಡರು. ಹಾವೇರಿ ಕಡೆಯವರು, ಮಾತು ನೇರ. ಮಲೆನಾಡಿನವರ ಸುತ್ತುಬಳಸು ಅವರಿಗೆ ಇನ್ನೂ ಹಿಡಿದಿರಲಿಲ್ಲ. ಊರಿನವರಿಗೂ ಅವರು ಹಿಡಿದಿರಲಿಲ್ಲ, ಯಾಕೆಂದರೆ ಅವರು ಬಾಟಲಿ ಹಾಕುತ್ತಿರಲಿಲ್ಲ. ನಮ್ಮ ಕಡೆ ಕಾಯಿಲೆಯ ಅಳತೆಯೇ ಬಾಟಲಿ. ಸುಸ್ತಾದರೂ ಸಲೈನು, ತಲೆ ತಿರುಗಿದರೂ ಸಲೈನು. ಎಷ್ಟು ಬಾಟಲಿ ಏರಿಸಿದರು ಎಂದು ಕೇಳಿಯೇ ಜನ ರೋಗಿಯ ಬಗ್ಗೆ ಎಷ್ಟು ಮರುಗಬೇಕು ಎಂದು ತೀರ್ಮಾನಿಸುತ್ತಿದ್ದರು.

ಡಾಕ್ಟರು ಓದುವ ಕಾಲದಲ್ಲಿ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದರು. ಅರಿವಳಿಕೆ ಕೊಟ್ಟ ನಾಯಿಗಳಲ್ಲಿ, ಹೃದಯಕ್ಕೇ ರಕ್ತ ಒಯ್ಯುವ ನಾಳವನ್ನು ಸ್ವಲ್ಪ ಸ್ವಲ್ಪವಾಗಿ ಕಟ್ಟುತ್ತ ಹೋಗುವುದು. ಹೃದಯದ ಸ್ನಾಯುವಿನ ದೊಡ್ಡ ಭಾಗ ಕೆಲಸ ನಿಲ್ಲಿಸಿದಾಗ ದೇಹದಲ್ಲಿ ಯಾವುದರ ನಂತರ ಯಾವುದು ಕೆಡುತ್ತದೆ ಎಂದು ಅಳೆಯುವುದು. ಒಂದು ಸಂಜೆ ಚಹ ಕುಡಿಯುತ್ತ ಅವರು ಅದನ್ನು ವಿವರಿಸಿದರು. ಮೊದಲು ಬೀಳುವುದು ರಕ್ತದೊತ್ತಡವಲ್ಲವಂತೆ. ಹೃದಯ ಹೊರಗೆ ತಳ್ಳುವ ರಕ್ತದ ಪ್ರಮಾಣ ಮೊದಲು ಕುಗ್ಗುತ್ತದೆ. ಅದನ್ನು ಸರಿದೂಗಿಸಲು ಹೃದಯ ಬೇಗ ಬೇಗ ಬಡಿಯುತ್ತದೆ. ಚರ್ಮ, ಕೈಕಾಲು, ಕರುಳು, ಮೂತ್ರಪಿಂಡ ಇವುಗಳ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಇರುವ ರಕ್ತ ಮಿದುಳಿಗೂ ಹೃದಯಕ್ಕೂ ಸಿಗಲಿ ಎಂದು. ಅಷ್ಟು ಹೊತ್ತು ಒತ್ತಡ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ. ಆದರೆ ಬಿಗಿದ ನಾಳಗಳ ಎದುರು ರಕ್ತ ತಳ್ಳುವುದು ಸೋತ ಹೃದಯಕ್ಕೆ ಇನ್ನಷ್ಟು ಭಾರ. ಕೊನೆಗೆ ಒತ್ತಡವೂ ಇಳಿಯುತ್ತದೆ. ಇಳಿದರೆ ಹೃದಯದ ಸ್ವಂತ ಪಾಲಿನ ರಕ್ತವೂ ಕಡಿಮೆಯಾಗಿ ಅದು ಮತ್ತೂ ಸೋಲುತ್ತದೆ. ಮುಂದೆ ಹೋಗಲಾರದ ರಕ್ತ ಹಿಂದೆ ಒತ್ತಿ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅಂಥ ಹೊತ್ತಿನಲ್ಲಿ ಹೊರಗಿನಿಂದ ಸಲೈನು ಸುರಿಯುವುದೆಂದರೆ ಮುಳುಗುವವನ ಮೇಲೆ ಕೊಡ ಮಗುಚಿದ ಹಾಗೆ.

ಬರೆದು ಕಳಿಸಿದೆ. ನಾಯಿ ಕೊಂದ ಕತೆ ಬೇಡ, ಓದುಗರಿಗೆ ಅರ್ಥವೂ ಆಗುವುದಿಲ್ಲ, ಸುಲಭ ಮಾಡಿ ಎಂದು ಸಂಪಾದಕರು ತಿರುಗಿಸಿದರು. ಸುಲಭ ಮಾಡುವುದು ಹೇಗೆಂದು ನನಗೆ ಹೊಳೆಯಲಿಲ್ಲ. ಹಾಳೆ ಮೇಜಿನ ಮೇಲೆ ಉಳಿಯಿತು.

ಬೇಸಿಗೆ ಏರಿದ ಒಂದು ಬೆಳಿಗ್ಗೆ ಭಾವ ಕಚೇರಿಯ ಮೆಟ್ಟಿಲ ಬುಡದಲ್ಲಿ ಕುಳಿತಿದ್ದಾನೆಂದು ಸೈಕಲ್ ಅಂಗಡಿಯವರು ಕೂಗಿ ಹೇಳಿದರು. ಇಳಿದು ಬಂದೆ. ಕೀಲಿ ಪಕ್ಕದಲ್ಲಿ ಬಿದ್ದಿತ್ತು. ಅಂಗಿ ಬೆವರಿಗೆ ಪೂರ್ತಿ ಒದ್ದೆ. ಎದೆಯ ಮೇಲೆ ಯಾರೋ ಕೂತ ಹಾಗೆ ಆಗುತ್ತಿದೆ ಎಂದ. ಬರುವ ದಾರಿಯಲ್ಲೇ ಒಂದು ಕ್ಲಿನಿಕ್ಕಿಗೆ ಹೋಗಿದ್ದನಂತೆ. ಬಿ.ಪಿ. ನೋಡಿ, ಸರಿ ಇದೆ ಎಂದು ಗುಳಿಗೆ ಕೊಟ್ಟು ಕಳಿಸಿದ್ದರು.

"ಗ್ಯಾಸು ಭಾವ. ಒಂದು ಸೋಡಾ ಕುಡದ್ರೆ ಹೋಗ್ತು. ನಿನ್ನ ಅಕ್ಕಂಗೆ ಹೇಳಡ," ಎಂದ.

ಎಬ್ಬಿಸಲು ಕೈ ಹಿಡಿದೆ. ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗುತ್ತಿದ್ದ ದಿನಗಳು ಅವು. ಆ ಕೈ ಮಾತ್ರ ಬಾವಿಯಿಂದ ಎತ್ತಿದ ಹಗ್ಗದ ಹಾಗೆ ತಣ್ಣಗಿತ್ತು. ಕೈಕಾಲಿನ ನಾಳ ಬಿಗಿದಿರುವಷ್ಟು ಹೊತ್ತು ಒತ್ತಡ ಸರಿಯಾಗಿಯೇ ಕಾಣುತ್ತದೆ ಎಂಬ, ಮೇಜಿನ ಮೇಲಿದ್ದ ಹಾಳೆಯ ಸಾಲು ನೆನಪಾಯಿತು. ಸೋಡಾ ಬಿಟ್ಟು ರಿಕ್ಷಾ ಕರೆದೆ.

ನರ್ಸಿಂಗ್ ಹೋಮಿಗೆ ಮುಟ್ಟುವಷ್ಟರಲ್ಲಿ ಒತ್ತಡವೂ ಇಳಿದಿತ್ತು. ಡಾಕ್ಟರು ಇ.ಸಿ.ಜಿ. ಪಟ್ಟಿ ನೋಡಿದರು. ಎದೆಗೆ ಸ್ಟೆತಸ್ಕೋಪ್ ಇಟ್ಟು, ಪಾದ ಮುಟ್ಟಿ, ಉಗುರು ಒತ್ತಿ ನೋಡಿದರು. ಆಮ್ಲಜನಕ ಹಾಕಿಸಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧ ಶುರು ಮಾಡಿ ನನ್ನನ್ನು ಹೊರಗೆ ಕರೆದರು. ಹೃದಯದ ಮುಂಭಾಗ ಬಹಳಷ್ಟು ಹೋಗಿದೆ, ಇಂಥವರಲ್ಲಿ ಉಳಿಯುವವರಿಗಿಂತ ಹೋಗುವವರೇ ಹೆಚ್ಚು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ವರದಿಗಾರನಿಗೆ ಕೆಟ್ಟ ಸುದ್ದಿ ಕೇಳಿ ಅಭ್ಯಾಸ. ಅದನ್ನು ಅಕ್ಕನಿಗೆ ಹೇಳುವುದು ಅಭ್ಯಾಸವಿರಲಿಲ್ಲ.

ಅಕ್ಕ ಬಸ್ಸಿನಲ್ಲಿ ಬಂದಳು. ನಾನು ಹೇಳಿದ್ದನ್ನು ಕೇಳಿದಳು, ಅಳಲಿಲ್ಲ. ಗಂಡನ ಕಾಲು ಮುಟ್ಟಿ ನೋಡಿ ನೇರ ಆಸ್ಪತ್ರೆಯ ಅಡುಗೆಕೋಣೆಗೆ ಹೋಗಿ ನೀರು ಕಾಯಿಸಲಿಟ್ಟಳು. ಕೈಕಾಲು ತಣ್ಣಗಾದರೆ ಶಾಖ ಕೊಡುವುದು, ಶುಂಠಿ ಪುಡಿ ಹಚ್ಚಿ ತಿಕ್ಕುವುದು ನಮ್ಮ ಮನೆಗಳ ಮೊದಲ ಮದ್ದು. ಬಿಸಿನೀರಿನ ಚೀಲ ಹಿಡಿದು ಒಳಗೆ ಬಂದವಳನ್ನು ಡಾಕ್ಟರು ತಡೆದರು.

"ಶಾಖ ಕೊಡಬ್ಯಾಡ್ರಿ ಅಕ್ಕಾರ. ಅವರ ದೇಹ ತಾನ ಕಾಲಿನ ರಕ್ತ ಕಡಿಮಿ ಮಾಡಿ ತಲಿಗೆ ಕಳಸಾಕತ್ತೇತಿ. ನೀವು ಕಾಲು ಬೆಚ್ಚಗ ಮಾಡಿದ್ರ ಅದು ಮತ್ತ ಕಾಲಿಗೆ ಹೋಗತೈತಿ."

ಅಕ್ಕ ಚೀಲವನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡು ಕೂತಳು. ಅದು ಆರುವವರೆಗೂ ಕೆಳಗಿಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಭಾವನ ಅಣ್ಣ ಮಾಗೋಡಿನಿಂದ ಜೀಪು ಮಾಡಿಕೊಂಡು ಬಂದರು. ಜೋರು ಮನುಷ್ಯ, ತಮ್ಮನ ಮೇಲೆ ಜೀವ. ಹಾಸಿಗೆಯ ಪಕ್ಕದ ಕಬ್ಬಿಣದ ಕಂಬ ಖಾಲಿ ನಿಂತಿದ್ದನ್ನು ಬಂದವರೇ ಗುರುತಿಸಿದರು. ರೋಗಿಯನ್ನು ಮಲಗಿಸದೆ ದಿಂಬು ಕೊಟ್ಟು ಕೂರಿಸಿದ್ದು ಅವರಿಗೆ ಇನ್ನೂ ವಿಚಿತ್ರವಾಗಿ ಕಂಡಿತು.

"ಒಂದು ಬಾಟ್ಲಿನೂ ಹಾಕಿದ್ವಿಲ್ಲೆ ಇವು. ಇದೆಂತ ಆಸ್ಪತ್ರೆಯೋ, ಛತ್ರವೋ? ಏಳು, ಹುಬ್ಬಳ್ಳಿಗೆ ಕರ್ಕಂಡು ಹೋಪನ," ಎಂದರು.

ಡಾಕ್ಟರು ತಡೆಯಲಿಲ್ಲ. ಹುಬ್ಬಳ್ಳಿಯಲ್ಲಿ ತಮ್ಮಲ್ಲಿಲ್ಲದ ಸಲಕರಣೆ ಇದೆ ಎಂದು ಒಪ್ಪಿಕೊಂಡರು. ಆದರೆ ಈಗಿನ ಸ್ಥಿತಿಯಲ್ಲಿ ಆ ರಸ್ತೆಯ ಕುಲುಕಾಟ ತಡೆದುಕೊಂಡು ಮುಟ್ಟುತ್ತಾರೆಂಬ ನಂಬಿಕೆ ತಮಗಿಲ್ಲ, ಒಂದೆರಡು ದಿನ ಒತ್ತಡ ನಿಂತರೆ ತಾವೇ ಜತೆಗೆ ಬಂದು ಮುಟ್ಟಿಸುವುದಾಗಿ ಹೇಳಿದರು. ನಿರ್ಧಾರ ಅಕ್ಕನ ಮೇಲೆ ಬಂತು. ಅಣ್ಣ ನನ್ನ ಮುಖ ನೋಡಿದರು. ನನಗೆ ಗೊತ್ತಿದ್ದಿಷ್ಟೇ: ಈ ಮನುಷ್ಯ ಇಂಥದನ್ನು ಮೊದಲಿನಿಂದ ಕೊನೆಯವರೆಗೆ ಪಕ್ಕದಲ್ಲಿ ನಿಂತು, ಅಳೆದು ನೋಡಿದವರು. ಅದನ್ನು ಅಕ್ಕನಿಗೆ ಹೇಳಿದೆ. ಯಾವುದರಲ್ಲಿ ನೋಡಿದವರು ಎಂಬುದನ್ನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

"ಇಲ್ಲೇ ಇರ್ಲಿ," ಎಂದಳು ಅಕ್ಕ.

ಸಂಜೆ ಕಂಬಕ್ಕೆ ಒಂದು ಬಾಟಲಿ ಬಂತು. ಅಣ್ಣನ ಮುಖ ಸ್ವಲ್ಪ ಸಡಿಲಾಯಿತು. ಅದು ಸಲೈನಿನ ಉಪಚಾರವಲ್ಲ, ಹೃದಯದ ಬಡಿತಕ್ಕೆ ಬಲ ಕೊಡುವ ಔಷಧವನ್ನು ಅದರಲ್ಲಿ ಬೆರೆಸಿದ್ದರು. ಹನಿ ಬಿದ್ದರೂ ಬಿತ್ತು, ಇಲ್ಲದಿದ್ದರೂ ಇಲ್ಲ ಎಂಬಷ್ಟು ನಿಧಾನ. ಸಿಸ್ಟರು ಗಡಿಯಾರ ಹಿಡಿದು ಕೊಳವೆಯ ಮೇಲಿನ ಪುಟ್ಟ ಗಾಲಿಯನ್ನು ಕೂದಲೆಳೆಯಷ್ಟು ತಿರುಗಿಸಿ ಹನಿ ಹೊಂದಿಸಿದರು. ಆಮೇಲೆ ನಾವೆಲ್ಲ ಕಾದದ್ದು ಒಂದೇ ಸುದ್ದಿಗೆ. ಬೆಳಗಿನಿಂದ ಭಾವನಿಗೆ ಮೂತ್ರವಾಗಿರಲಿಲ್ಲ. ಮೂತ್ರಪಿಂಡಕ್ಕೆ ರಕ್ತ ಮುಟ್ಟಿದರೆ ಮೂತ್ರ ಬರುತ್ತದೆ, ಬಂದರೆ ಹೃದಯ ಸ್ವಲ್ಪ ಚೇತರಿಸಿಕೊಂಡಿದೆ ಎಂದು ಡಾಕ್ಟರು ಹೇಳಿದ್ದರು. ಮಾರನೆಯ ಬೆಳಿಗ್ಗೆ ಸಿಸ್ಟರು ಬಾಗಿಲಿಗೆ ಬಂದು ಹೇಳಿದಾಗ ಅಕ್ಕ ಕೈಮುಗಿದಳು. ಅಣ್ಣ ಕಾರಿಡಾರಿನ ಆ ತುದಿಗೆ ಕೇಳುವ ಹಾಗೆ, "ಉಚ್ಚೆ ಹೊಯ್ದನಡ!" ಎಂದು ಯಾರಿಗೂ ಅಲ್ಲದೆ ಘೋಷಿಸಿದರು. ಅಷ್ಟು ವರ್ಷಗಳ ವರದಿಗಾರಿಕೆಯಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿಯನ್ನು ನಾನು ಕೇಳಿರಲಿಲ್ಲ.

ಅದರ ಮರುದಿನ ಭಾವನಿಗೆ ಮಾತು ಬಂತು, ಬೇಸರವೂ ಬಂತು. ಅಕ್ಕ ಗಂಜಿ ತರಲು ಹೋಗಿದ್ದಳು, ಅಣ್ಣ ಒಳಗೆ ಹೊರಗೆ ಓಡಾಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಪೇಪರು ಓದಿ ಹೇಳುತ್ತಿದ್ದೆ. ನೀರಿನ ಸುದ್ದಿ ಮುಗಿಸಿ ಪುಟ ತಿರುಗಿಸಿದೆ. ತಲೆ ಎತ್ತಿದಾಗ ಭಾವನ ಮುಖದ ಬಣ್ಣ ಬದಲಾಗಿತ್ತು. ಎದೆ ಓಡುತ್ತಿದೆ ಎಂದ. ಮಾನಿಟರಿನ ಗೆರೆ ಒತ್ತೊತ್ತಾಗಿ, ನಡುನಡುವೆ ಅಡ್ಡಾದಿಡ್ಡಿ ಹಾರುತ್ತಿತ್ತು. ಕೂಗಿದೆ. ಸಿಸ್ಟರು ಓಡಿ ಬಂದವರು ಭಾವನ ಕಡೆ ನೋಡಲಿಲ್ಲ, ಬಾಟಲಿಯ ಕಡೆ ನೋಡಿದರು. ಹನಿ ಹನಿಯಾಗಿ ಬೀಳಬೇಕಾದದ್ದು ದಾರದಂತೆ ಸುರಿಯುತ್ತಿತ್ತು. ಗಾಲಿ ಮುಚ್ಚಿದರು. ಡಾಕ್ಟರು ಬಂದು, ನಾಡಿಯ ಮೇಲೆ ಬೆರಳಿಟ್ಟು, ಮಾನಿಟರು ನೋಡುತ್ತ ನಿಂತರು. ಆ ಔಷಧದ ಬಲ ಬೇಗ ಇಳಿಯುತ್ತದೆಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಗೆರೆಗಳ ನಡುವಿನ ಜಾಗ ಮೆಲ್ಲಗೆ ಅಗಲವಾಗುತ್ತ ಬಂತು. ಮತ್ತೆ ಹನಿ ಹೊಂದಿಸಿದ ಮೇಲೆ ಡಾಕ್ಟರು ಕೇಳಿದರು, ಇದನ್ನು ಯಾರು ಮುಟ್ಟಿದ್ದು.

ಎಲ್ಲರೂ ಅಣ್ಣನ ಕಡೆ ನೋಡಿದೆವು. ಬಾಟಲಿ ಬೇಗ ಇಳಿಯಲಿ ಎಂದು ಗಾಲಿ ತಿರುಗಿಸುವ ನೆಂಟರು ಪ್ರತಿ ವಾರ್ಡಿನಲ್ಲೂ ಇರುತ್ತಾರೆ. ಅಣ್ಣನಿಗೆ ಸಿಟ್ಟು ಬಂದು ಬಾಯಿ ತೆರೆಯುವಷ್ಟರಲ್ಲಿ ಭಾವ ಹೇಳಿದ:

"ನಾನೇ, ಡಾಕ್ಟ್ರೆ. ಇಷ್ಟು ಸಣ್ಣಗೆ ಬರ್ತಾ ಇತ್ತು. ಎಲ್ಲೋ ಲೈನು ಕಟ್ಟಿದೆ ಹೇಳಿ ಸ್ವಲ್ಪ ಬಿಟ್ಟೆ."

ಜೀವನವಿಡೀ ಕೊಳವೆಯ ತುದಿಯಲ್ಲಿ ಸಣ್ಣಗೆ ಬರುವ ನೀರು ನೋಡಿದರೆ ವಾಲ್ವಿಗೆ ಕೈ ಹಾಕಿದವನು. ಸೂಜಿಯಿಲ್ಲದ ಕೈ ಖಾಲಿ ಇತ್ತು, ಗಾಲಿ ಎಟಕುವಷ್ಟು ಹತ್ತಿರವಿತ್ತು. ಡಾಕ್ಟರು ಬೈಯಲು ಹೊರಟಿದ್ದರು. ಬದಲಿಗೆ ಕುರ್ಚಿ ಎಳೆದುಕೊಂಡು ಕೂತರು.

"ಹಂಗಾರ ನೀವ ಹೇಳ್ರಿ. ಬ್ಯಾಸಿಗ್ಯಾಗ ಒಂದ ಪಂಪ್ ನಡದಾಗ ಊರಿನ ಎಲ್ಲಾ ವಾಲ್ವ್ ತಗದ್ರ ಏನಾಗತೈತಿ?"

"ಯಾರಿಗೂ ನೀರು ಬರೂದಿಲ್ಲ. ನಲ್ಲೀಲಿ ಗಾಳಿ ಬರ್ತದೆ."

"ಅದಕ್ಕ ನೀವೇನ ಮಾಡ್ತೀರಿ?"

"ದೂರದ್ದು ಮುಚ್ತೇನೆ. ಬೈಸ್ಕಳ್ತೇನೆ."

"ನಿಮ್ಮ ಮೈಯೂ ಅದನ್ನ ಮಾಡೇತಿ. ಕೈಕಾಲಿಂದು ಮುಚ್ಚಿ, ತಲಿಗೆ, ಎದಿಗೆ ಬಿಟ್ಟೇತಿ. ಬಾಟ್ಲಿ ಒಳಗ ಇರೋದು ನೀರಲ್ಲ, ಸೋತ ಪಂಪ್‌ಗೆ ಕೊಡೋ ಕರೆಂಟ್. ಒಮ್ಮೆಲೆ ಕೊಟ್ರ?"

ಭಾವ ಕಣ್ಣೆತ್ತಿ ಬಾಟಲಿಯನ್ನು ನೋಡಿದ. "ಮೋಟ್ರು ಸುಡ್ತದೆ," ಎಂದ.

ಅವತ್ತಿನಿಂದ ಆ ಗಾಲಿಗೆ ಅವನೇ ಕಾವಲು ಕೂತ. ಅಣ್ಣ ಕಂಬದ ಹತ್ತಿರ ಸುಳಿದರೂ ಗದರುತ್ತಿದ್ದ. ಮೇಜಿನ ಮೇಲೆ ಉಳಿದಿದ್ದ ಹಾಳೆಯನ್ನು ನಾನು ಹರಿದು ಹೊಸದಾಗಿ ಬರೆದೆ. ಈ ಸಲ ಅದರಲ್ಲಿ ಒಂದು ಪಂಪು, ಕೆಲವು ಬೀದಿ, ಮುಚ್ಚಿದ ವಾಲ್ವುಗಳಿದ್ದವು. ಇದನ್ನು ವಿಜ್ಞಾನಿಗಳು ತಿಳಿದುಕೊಂಡಿದ್ದು ನಾಯಿಗಳಲ್ಲಿ ಪ್ರಯೋಗ ಮಾಡಿ ಎಂಬ ಒಂದು ಸಾಲು ಇಟ್ಟೆ. ಸಂಪಾದಕರು ಆ ಸಾಲನ್ನು ಹೊಡೆಯಲಿಲ್ಲ.

ಒತ್ತಡ ನಿಂತ ಮೇಲೆ ಡಾಕ್ಟರು ಮಾತು ಕೊಟ್ಟಂತೆ ತಾವೇ ಜತೆಗೆ ಕೂತು ಭಾವನನ್ನು ಹುಬ್ಬಳ್ಳಿಗೆ ಮುಟ್ಟಿಸಿದರು. ಅಲ್ಲಿ ಕೆಲವು ದಿನ ಇದ್ದು ಬಂದ. ಮೆಟ್ಟಿಲು ಹತ್ತಿದರೆ ಏದುಸಿರು ಉಳಿಯಿತು, ಕೀಲಿ ಹೊರುವ ಕೆಲಸ ಹೋಗಿ ಪಂಪ್‌ಹೌಸಿನಲ್ಲಿ ಕೂರುವ ಕೆಲಸ ಸಿಕ್ಕಿತು. ಬೈಯುವವರ ಮುಖ ನೋಡದೆ ಬೇಜಾರು ಎಂದು ಗೊಣಗಿದ. ಮೇ ಕೊನೆಯಲ್ಲಿ ಒಂದೆರಡು ಗುಡುಗಿನ ಮಳೆ ಬಂದು ಹೊಳೆಯಲ್ಲಿ ನೀರು ಕಂಡಿತು.

ಅಕ್ಕ ಹರಕೆ ಹೊತ್ತಿದ್ದಳು. ಇಸಳೂರಿನ ಮನೆಯಲ್ಲಿ ಸತ್ಯನಾರಾಯಣ ಕಥೆ ಇಟ್ಟರು. ಡಾಕ್ಟರೂ ಬಂದರು. ಪೂಜೆ ಮುಗಿದು ಎಲೆ ಹಾಕುವ ಹೊತ್ತಿಗೆ ಭಾವ ಮತ್ತು ಡಾಕ್ಟರು ಜಗುಲಿಯಲ್ಲಿ ಕೂತಿದ್ದರು. ಭಾವ ಅಂಕಣ ಓದಿದ್ದ. ಅದರಲ್ಲಿ ಒಂದೇ ಸಾಲಿನ ಬಗ್ಗೆ ಅವನಿಗೆ ಕೇಳುವುದಿತ್ತು.

"ಆ ನಾಯಿಗಳು ಎಂತಾದ್ವು ಡಾಕ್ಟ್ರೆ?"

ಡಾಕ್ಟರು ಸುತ್ತುಬಳಸು ಕಲಿತಿರಲಿಲ್ಲ. "ಒಂದೂ ಉಳೀಲಿಲ್ಲರಿ," ಎಂದರು. ಅವಕ್ಕೆ ನೋವು ಗೊತ್ತಾಗದ ಹಾಗೆ ನೋಡಿಕೊಳ್ಳುತ್ತಿದ್ದೆವು, ಎಚ್ಚರಾಗಲು ಬಿಡುತ್ತಿರಲಿಲ್ಲ ಎಂದು ಸೇರಿಸಿದರು.

ಭಾವ ತಲೆಯಾಡಿಸಿದ. ಎದ್ದು ಒಳಗೆ ಹೋಗಿ ಒಂದು ಬಾಳೆ ಎಲೆಗೆ ಮಾಡಿದ ಅಡುಗೆಯಲ್ಲೆಲ್ಲ ಸ್ವಲ್ಪ ಸ್ವಲ್ಪ ಹಾಕಿಕೊಂಡು, ಏದುಸಿರು ಬಿಡುತ್ತ ಅಂಗಳಕ್ಕೆ ಇಳಿದ. ನಮ್ಮಲ್ಲಿ ಇಂಥ ದಿನ ಮೊದಲ ಎಲೆ ದನಕ್ಕೆ. ಅವನು ಬೇಲಿಗೆ ಗಳು ಅಡ್ಡ ಹಾಕಿದ ದಣಪೆಯ ಆಚೆ ಹೋಗಿ, ಕೇರಿಯ ಕಂದು ನಾಯಿಯ ಎದುರು ಎಲೆ ಇಟ್ಟ. ಅವನು ಪ್ರತಿ ಬೆಳಿಗ್ಗೆ ಮೊಪೆಡ್ಡಿನ ಹಿಂದೆ ಓಡಿ ಬರುತ್ತದೆಂದು ಬೈಯುತ್ತಿದ್ದ ನಾಯಿ ಅದು.

"ಅಯ್ಯೋ, ಮೊದ್ಲು ದನಕ್ಕಲ್ದಾ?" ಎಂದಳು ಅಕ್ಕ ಬಾಗಿಲಿಂದ.

"ದನಕ್ಕೆ ಆಮೇಲೆ ಕೊಡು. ಇವತ್ತು ಇದ್ಕೆ ಮೊದ್ಲು."

ಒಳಗೆ ಕೂತ ನೆಂಟರಿಗೆ ಅರ್ಥವಾಗಲಿಲ್ಲ. ಕಾಯಿಲೆಯಿಂದ ಎದ್ದವನೆಂದು ಯಾರೂ ಎದುರಾಡಲಿಲ್ಲ. ಡಾಕ್ಟರು ಕೈ ತೊಳೆಯಲು ಹೊರಟವರು ಚೊಂಬು ಹಿಡಿದು ಅಲ್ಲೇ ನಿಂತರು. ನಾಯಿ ಒಮ್ಮೆ ಭಾವನನ್ನು, ಒಮ್ಮೆ ಎಲೆಯನ್ನು ನೋಡಿ, ನಂಬಿಕೆ ಬಂದ ಮೇಲೆ ತಿನ್ನಲು ಶುರು ಮಾಡಿತು. ಪ್ರಸಾದದ ಸಪಾತಭಕ್ಷ್ಯ ಹೋಯಿತು, ಪಾಯಸ ಹೋಯಿತು, ಕೋಸಂಬರಿ ಮಾತ್ರ ಹಾಗೆಯೇ ಉಳಿಯಿತು. ಭಾವ ದಣಪೆ ಹಿಡಿದು, ಅದು ತಿಂದು ಮುಗಿಸುವವರೆಗೆ ಅಲ್ಲೇ ನಿಂತಿದ್ದ. ಅಷ್ಟು ಹೊತ್ತು ಒಳಗೆ ನಾವೆಲ್ಲ ಎಲೆಯ ಮುಂದೆ ಕಾದೆವು.